ಎರಡೇ ರಕಾತ್, ಪೂರ್ತಿ ನಮಾಜು

ನಾನಾಗ ಏಳನೇ ಕ್ಲಾಸು. ಹೊಲದ ವ್ಯಾಜ್ಯದ ತಾರೀಖಿಗೆಂದು ಅಬ್ಬಾ ಸಿಂಧನೂರಿನಿಂದ ರಾಯಚೂರಿಗೆ ಹೊರಟಾಗ ನನ್ನನ್ನೂ ಜೊತೆಗೆ ಕರೆದುಕೊಂಡಿದ್ದರು. ಕೋರ್ಟಿನ ಕೆಲಸ ಮುಗಿಸಿ ಮಸೀದಿಗೆ ಬರುವಷ್ಟರಲ್ಲಿ ಮಧ್ಯಾಹ್ನದ ಜೊಹರ್ ಜಮಾತ್, ಅಂದರೆ ಸಾಮೂಹಿಕ ನಮಾಜು, ಮುಗಿದಿತ್ತು. ಅಬ್ಬಾ ವಜೂ ಮಾಡಿ, ಕಂಬವೊಂದರ ಪಕ್ಕ ನಿಂತು ಒಬ್ಬರೇ ನಮಾಜು ಕಟ್ಟಿದರು. ನಾನು ಪಕ್ಕದಲ್ಲಿ ಕೂತು ಎಣಿಸುತ್ತಿದ್ದೆ. ಎರಡನೇ ರಕಾತ್‌ಗೆ ಕೂತರು, ಬಲಕ್ಕೆ ಸಲಾಮ್ ಹೇಳಿದರು, ಎಡಕ್ಕೆ ಹೇಳಿದರು, ದುವಾ ಮಾಡಿ ಎದ್ದೇಬಿಟ್ಟರು.

ಗೋಡೆಗೆ ಒರಗಿ ತಸ್ಬೀ ಹಿಡಿದಿದ್ದ ಹಿರಿಯರೊಬ್ಬರೂ ಎಣಿಸುತ್ತಿದ್ದರೆಂದು ಕಾಣುತ್ತದೆ. ಮಾತು ನಮ್ಮ ದಖ್ಖನಿ ಉರ್ದುವಿನಲ್ಲಿ ನಡೆಯಿತು. ಕನ್ನಡದಲ್ಲಿ ಹೇಳಿದರೆ ಹೀಗೆ:

"ಯಾಕ್ರೀ ಸಾಹೇಬ್ರ, ಎರಡಕ್ಕ ಎದ್ರಿ? ಜೊಹರ್ ನಾಕು ಅಲ್ಲೇನು?"

"ನಾವು ಸಿಂಧನೂರಿನವ್ರು ಚಾಚಾ. ಮುಸಾಫಿರ್ ಅದೀವಿ."

"ಸಿಂಧನೂರು ಏನ್ ದೂರ? ನಮ್ಮ ಹಜರತ್ ಲೆಕ್ಕದಾಗ ಅದು ಸಫರ್ ಆಗಂಗಿಲ್ಲ."

"ನಮ್ಮ ಹಜರತ್ ಲೆಕ್ಕದಾಗ ಆಗ್ತದ್ರಿ."

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಾ ಕಬೂಲ್ ಮಾಡ್ಲಿ" ಅಂದರು. ಬಿಸಿಲಲ್ಲಿ ಬಂದ ಹುಡುಗನಿಗೆ ಮೊದಲು ನೀರು ಕುಡಿಸಿ ಅಂತ ನನ್ನ ಕಡೆ ಕೈ ತೋರಿಸಿದರು. ಮರಳಿ ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ: "ಅರ್ಧ ನಮಾಜು ಮಾಡಿದ್ರ ಅರ್ಧ ಸವಾಬ್ ಬರ್ತದೇನು ಅಬ್ಬಾ?" ಅವರು ಹೇಳಿದ್ದು ಒಂದೇ ಮಾತು: "ಅದು ಅರ್ಧ ಅಲ್ಲ. ದಾರ್ಯಾಗ ಇದ್ದವಗ ಅದೇ ಪೂರ್ತಿ."

ಇವತ್ತಿನ ಈ ಬರಹ ಆ ಒಂದು ಮಾತಿನ ವಿವರಣೆ.

ಮುಸ್ಲಿಮರಿಗೆ ದಿನಕ್ಕೆ ಐದು ಹೊತ್ತಿನ ನಮಾಜು ಕಡ್ಡಾಯ. ಫಜರ್‌ಗೆ ಎರಡು, ಜೊಹರ್‌ಗೆ ನಾಲ್ಕು, ಅಸರ್‌ಗೆ ನಾಲ್ಕು, ಮಗ್ರಿಬ್‌ಗೆ ಮೂರು, ಇಷಾಗೆ ನಾಲ್ಕು, ಒಟ್ಟು 17 ಫರ್ಜ್ ರಕಾತ್. ನಿಂತು, ಬಾಗಿ, ಹಣೆ ಹಚ್ಚಿ ಮೇಲೇಳುವ ಒಂದು ಸುತ್ತಿಗೆ ಒಂದು ರಕಾತ್. ಮುಸಾಫಿರನಿಗೆ, ಅಂದರೆ ಪ್ರಯಾಣದಲ್ಲಿರುವವನಿಗೆ, ನಾಲ್ಕು ರಕಾತ್‌ನ ಮೂರು ನಮಾಜುಗಳು ಎರಡೆರಡಕ್ಕೆ ಇಳಿಯುತ್ತವೆ. ಇದಕ್ಕೆ ಕಸರ್ ಎಂದು ಹೆಸರು. ಫಜರ್ ಮೊದಲೇ ಎರಡು, ಅದು ಹಾಗೇ ಉಳಿಯುತ್ತದೆ. ಮಗ್ರಿಬ್‌ನ ಮೂರೂ ಉಳಿಯುತ್ತವೆ. ಹಾಗಾಗಿ ದಾರಿಯಲ್ಲಿದ್ದವನ ಲೆಕ್ಕ 11 ರಕಾತ್.

ಇದಕ್ಕೆ ಆಧಾರ ಕುರ್‌ಆನಿನ ನಾಲ್ಕನೇ ಅಧ್ಯಾಯವಾದ ಸೂರಾ ನಿಸಾದ 101ನೇ ವಚನ. ಭೂಮಿಯ ಮೇಲೆ ಸಂಚರಿಸುವಾಗ ನಮಾಜನ್ನು ಮೊಟಕು ಮಾಡಿಕೊಂಡರೆ ದೋಷವಿಲ್ಲ ಎನ್ನುವ ಆ ವಚನದಲ್ಲಿ ಶತ್ರುಗಳ ಭಯದ ಮಾತೂ ಇದೆ. ಹಾಗಾದರೆ ಭಯ ಹೋದಮೇಲೆ ಈ ಸವಲತ್ತೂ ಹೋಗಬೇಕಲ್ಲವೇ? ಈ ಪ್ರಶ್ನೆ ಆಗಲೇ ಹುಟ್ಟಿತ್ತು. ಯಅಲಾ ಇಬ್ನ್ ಉಮಯ್ಯಾ ಅದನ್ನು ಖಲೀಫಾ ಉಮರ್ ಅವರಿಗೆ ಕೇಳಿದರು. ತಮಗೂ ಇದೇ ಅಚ್ಚರಿಯಾಗಿತ್ತು, ಪ್ರವಾದಿಯವರನ್ನೇ ಕೇಳಿದ್ದೆ ಎಂದು ಉಮರ್ ಹೇಳಿದರು. ಇದು ಅಲ್ಲಾಹ್ ನಿಮಗೆ ಕೊಟ್ಟ ದಾನ, ಅದನ್ನು ಸ್ವೀಕರಿಸಿ ಎಂಬುದು ಪ್ರವಾದಿಯವರ ಉತ್ತರವಾಗಿತ್ತು. ಸಹೀಹ್ ಮುಸ್ಲಿಂ ಎಂಬ ಹದೀಸ್ (ಪ್ರವಾದಿವಚನ) ಸಂಗ್ರಹದಲ್ಲಿ ಈ ಪ್ರಸಂಗ ಇದೆ. ನಮಾಜು ಮೊದಲು ಎರಡೆರಡು ರಕಾತ್ ಆಗಿಯೇ ಕಡ್ಡಾಯವಾಗಿತ್ತು, ಪ್ರಯಾಣದಲ್ಲಿ ಅದನ್ನು ಹಾಗೇ ಉಳಿಸಿ ಊರಿನಲ್ಲಿದ್ದಾಗ ಹೆಚ್ಚಿಸಲಾಯಿತು ಎಂದು ಪ್ರವಾದಿಯವರ ಪತ್ನಿ ಆಯಿಶಾ ಅವರು ಹೇಳಿದ್ದೂ ದಾಖಲಾಗಿದೆ. ನಮ್ಮ ಭಾಗದ ಹೆಚ್ಚಿನವರು ಅನುಸರಿಸುವ ಧರ್ಮಶಾಸ್ತ್ರದ ಪಂಥವಾದ ಹನಫಿ ಮಜ್‌ಹಬ್ ಇದನ್ನೇ ಹಿಡಿದು, ಮುಸಾಫಿರ್‌ಗೆ ಎರಡೇ ರಕಾತ್ ಕಡ್ಡಾಯ, ಬೇಕೆಂದೇ ನಾಲ್ಕು ಮಾಡುವುದು ತಪ್ಪು ಎನ್ನುತ್ತದೆ. ಅಬ್ಬಾ ಹೇಳಿದ "ಅದೇ ಪೂರ್ತಿ" ಎಂಬ ಮಾತಿನ ಬೇರು ಇಲ್ಲಿದೆ.

ಹಾಗಾದರೆ ಎಷ್ಟು ದೂರ ಹೋದರೆ ಮುಸಾಫಿರ್?

ಹನಫಿಗಳ ಮೂಲ ಅಳತೆ ಮೈಲಿಯದಲ್ಲ, ಮೂರು ದಿನದ ನಡಿಗೆಯದು. ಹಗಲು ಹೊತ್ತು ನಡೆದು, ನಡುವೆ ವಿಶ್ರಾಂತಿ ತಗೊಂಡು, ಕಾಲ್ನಡಿಗೆಯವರು ಅಥವಾ ಒಂಟೆಗಳ ತಂಡ ಮೂರು ದಿನದಲ್ಲಿ ಕ್ರಮಿಸುವ ಹಾದಿ. ಬೇರೆ ಮಜ್‌ಹಬ್‌ಗಳು ಫರ್ಸಖ್ ಎಂಬ ಅಳತೆಯಲ್ಲಿ ಹೇಳುತ್ತವೆ: 16 ಫರ್ಸಖ್. ಒಂದು ಫರ್ಸಖ್ ಅಂದರೆ ಮೂರು ಮೈಲು. ನಮ್ಮ ಅಜ್ಜಂದಿರು "ಇಲ್ಲಿಂದ ಎರಡು ಹರದಾರಿ" ಎನ್ನುತ್ತಿದ್ದರಲ್ಲ, ಆ ಹರದಾರಿಯೂ ಮೂರು ಮೈಲೇ. ಹದಿನಾರು ಹರದಾರಿ ಅಂದರೆ 48 ಮೈಲು. ಭಾರತದ ಬಹಳಷ್ಟು ಹನಫಿ ಉಲಮಾಗಳೂ ಮೂರು ದಿನದ ನಡಿಗೆಯನ್ನು 48 ಮೈಲಿಗೆ ಕೂಡಿಸಿದರು. ಇವತ್ತಿನ ಲೆಕ್ಕದಲ್ಲಿ ಸುಮಾರು 77 ಕಿಲೋಮೀಟರ್. ಹನಫಿಗಳಲ್ಲೇ ಬರೇಲ್ವಿ ಪಂಥದ ಉಲಮಾಗಳು ಅದೇ ಮೂರು ದಿನದ ನಡಿಗೆಯನ್ನು ಐವತ್ತೇಳು ಮೈಲಿಗಿಂತ ತುಸು ಹೆಚ್ಚು, ಅಂದರೆ ಸುಮಾರು 92 ಕಿಲೋಮೀಟರ್ ಎಂದು ಲೆಕ್ಕ ಹಾಕಿದರು.

ಈ ಎರಡು ಅಂಕಿಗಳನ್ನು ನಮ್ಮ ರಸ್ತೆಯ ಮೇಲೆ ಇಟ್ಟು ನೋಡಿ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೂರು ಊರುಗಳು. ನಡುವೆ ಇರುವುದು ಮಸ್ಕಿ, 1915ರಲ್ಲಿ ಅಶೋಕನ ಹೆಸರಿರುವ ಬಂಡೆಶಾಸನ ಸಿಕ್ಕ ಊರು. ಸಿಂಧನೂರಿನಿಂದ ಲಿಂಗಸುಗೂರಿಗೆ ಅರವತ್ತು ಕಿಲೋಮೀಟರ್ ಒಳಗೇ ಆಗುತ್ತದೆ. ಆದ್ದರಿಂದ ಈ ಮೂರು ಊರುಗಳ ನಡುವೆ ದಿನಾ ಓಡಾಡುವ ಮೇಷ್ಟ್ರು, ಲಿಂಗಸುಗೂರಿನಿಂದ ಹಟ್ಟಿ ಚಿನ್ನದ ಗಣಿಗೆ ಪಾಳಿ ಕೆಲಸಕ್ಕೆ ಹೋಗುವವನು, ಮೊಹರಂ ನೋಡಲು ಮುದಗಲ್ಲಿಗೆ ಹೋಗುವ ಕುಟುಂಬ, ಯಾರೂ ಮುಸಾಫಿರ್ ಅಲ್ಲ. ಅವರ ನಮಾಜು ನಾಲ್ಕಕ್ಕೆ ನಾಲ್ಕು. ಹೋಗಿ ಬಂದದ್ದು ಸೇರಿ ನೂರಾಹತ್ತು ಕಿಲೋಮೀಟರ್ ಆಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಹೋಗುವ ದಾರಿಯೊಂದನ್ನೇ ಎಣಿಸಬೇಕು, ಬರುವುದನ್ನು ಕೂಡಿಸುವಂತಿಲ್ಲ.

ಇನ್ನು ರಾಯಚೂರು. ಸಿಂಧನೂರಿನಿಂದಲೂ ಮಸ್ಕಿಯಿಂದಲೂ ಅದು ಸುಮಾರು 90 ಕಿಲೋಮೀಟರ್. ಲಿಂಗಸುಗೂರಿನಿಂದ ಇನ್ನಷ್ಟು ಹೆಚ್ಚು. ಅಂದರೆ 77ರ ಲೆಕ್ಕದವರಿಗೆ ಅಬ್ಬಾ ಮುಸಾಫಿರ್, 92ರ ಲೆಕ್ಕದವರಿಗೆ ಅಲ್ಲ. ಆ ಮಸೀದಿಯ ಹಿರಿಯರೂ ಸರಿ, ನಮ್ಮ ಅಬ್ಬಾನೂ ಸರಿ. ಇಬ್ಬರೂ ಅದೇ ಮೂರು ದಿನದ ನಡಿಗೆಯನ್ನೇ ಅಳೆಯುತ್ತಿದ್ದರು.

ಇಲ್ಲಿ ನಮ್ಮ ಜಿಲ್ಲೆಯ ಚರಿತ್ರೆಯೂ ಕೈ ಹಾಕಿದೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಲಿಂಗಸುಗೂರೇ ಒಂದು ಜಿಲ್ಲೆಯ ಕೇಂದ್ರವಾಗಿತ್ತು, ಸಿಂಧನೂರು ಅದಕ್ಕೆ ಸೇರಿತ್ತು. 1905ರಲ್ಲಿ ಆ ಜಿಲ್ಲೆಯನ್ನು ಒಡೆದು ಈ ಭಾಗವನ್ನು ರಾಯಚೂರಿಗೆ ಸೇರಿಸಿದರು. ಅದಕ್ಕೂ ಮೊದಲು ಸಿಂಧನೂರಿನ ರೈತ ಜಿಲ್ಲಾ ಕಚೇರಿಗೆ ಹೋದರೂ ಪೂರ್ತಿ ನಾಲ್ಕು ರಕಾತ್ ಮಾಡಬೇಕಿತ್ತು. ಆಮೇಲೆ ಜಿಲ್ಲಾಕೇಂದ್ರ ಮುಸಾಫಿರರ ದೂರಕ್ಕೆ ಸರಿಯಿತು. ಇವತ್ತಿಗೂ ಲಿಂಗಸುಗೂರಿನ ಎಸಿ ಕಚೇರಿಗೆ ಅರ್ಜಿ ಕೊಡಲು ಹೋದವನು ಊರಿನವನೇ, ರಾಯಚೂರಿನ ಡಿಸಿ ಕಚೇರಿಗೆ ಹೋದವನು ಅಬ್ಬಾನ ಲೆಕ್ಕದಲ್ಲಿ ಮುಸಾಫಿರ್.

ದೂರ ಒಂದೇ ಸಾಲದು, ನಿಯ್ಯತ್ ಬೇಕು. ಹೊರಡುವಾಗಲೇ ಅಷ್ಟು ದೂರ ಹೋಗುವ ಇರಾದೆ ಇರಬೇಕು. ಸಂತೆಯಿಂದ ಸಂತೆಗೆ ಹೋಗುವ ಬಳೆ ವ್ಯಾಪಾರಿಯನ್ನು ನೆನೆಸಿಕೊಳ್ಳಿ. ಸಿಂಧನೂರಿನಿಂದ ಮಸ್ಕಿಗೆ ಅಂತ ಹೊರಟ. ಅಲ್ಲಿ ವ್ಯಾಪಾರ ಆಗಲಿಲ್ಲ, ಲಿಂಗಸುಗೂರಿಗೆ ಹೋದ. ಅಲ್ಲಿಂದ ಮನಸ್ಸು ಬಂದು ಸುರಪುರಕ್ಕೆ ಹೋದ. ನೂರು ಕಿಲೋಮೀಟರ್ ದಾಟಿದರೂ ಹನಫಿ ಲೆಕ್ಕದಲ್ಲಿ ಅವನು ಮುಸಾಫಿರ್ ಅಲ್ಲ, ಯಾಕೆಂದರೆ ಯಾವ ಹೆಜ್ಜೆಯಲ್ಲೂ 77 ಕಿಲೋಮೀಟರಿನ ನಿಯ್ಯತ್ ಇರಲಿಲ್ಲ. ಸುರಪುರದಿಂದ "ಇನ್ನು ಮನೆಗೆ ಹೋಗ್ತೀನಿ" ಎಂದು ತಿರುಗಿದ ಮೇಲೆ, ಮನೆ ಅಷ್ಟು ದೂರ ಇರುವುದರಿಂದ, ಅವನು ಮುಸಾಫಿರ್ ಆಗುತ್ತಾನೆ.

ಕಸರ್ ಶುರುವಾಗುವುದು ಊರಿನ ಕೊನೆಯ ಮನೆ ದಾಟಿದ ಮೇಲೆ. ಬ್ಯಾಗು ಕಟ್ಟಿದ ಕೂಡಲೇ ಮನೆಯಲ್ಲೇ ಎರಡು ರಕಾತ್ ಮಾಡಿ ಹೊರಡುವುದು ಸಲ್ಲದು. ಮುಗಿಯುವುದೂ ಅಲ್ಲೇ, ಮರಳಿ ಊರೊಳಗೆ ಕಾಲಿಟ್ಟಾಗ. ದಾರಿಯಲ್ಲಿ ತಪ್ಪಿಹೋದ ನಮಾಜನ್ನು ಮನೆಗೆ ಬಂದು ಕಜಾ ಮಾಡಿದರೆ, ಅಂದರೆ ತಡವಾಗಿ ತೀರಿಸಿದರೆ, ಎರಡೇ ರಕಾತ್. ಮನೆಯಲ್ಲಿ ತಪ್ಪಿದ್ದನ್ನು ದಾರಿಯಲ್ಲಿ ತೀರಿಸಿದರೆ ನಾಲ್ಕು. ಸಾಲ ಎಲ್ಲಿ ಆಯಿತೋ ಅಲ್ಲಿಯ ಲೆಕ್ಕದಲ್ಲೇ ಅದು ತೀರಬೇಕು.

ಹೋದ ಊರಿನಲ್ಲಿ ಎಷ್ಟು ದಿನ ಮುಸಾಫಿರ್? ಹನಫಿ ಮಜ್‌ಹಬ್‌ನಲ್ಲಿ ಒಂದೇ ಊರಿನಲ್ಲಿ 15 ದಿನ ಅಥವಾ ಹೆಚ್ಚು ಇರುವ ನಿಯ್ಯತ್ ಮಾಡಿದರೆ ಅವನು ಮುಕೀಮ್, ಅಂದರೆ ನೆಲೆಸಿದವನು. ಅದಕ್ಕಿಂತ ಕಡಿಮೆಯಾದರೆ ಮುಸಾಫಿರ್. ಈ ನಿಯಮ ನಮ್ಮ ತಾಲ್ಲೂಕುಗಳಿಗೆ ಬಹಳ ಹತ್ತಿರದ್ದು, ಯಾಕೆಂದರೆ ನಾವು ಗುಳೆ ಹೋಗುವ ಜನ. ಮಳೆ ಕೈಕೊಟ್ಟ ವರ್ಷ, ಕಾಲುವೆಯ ಕೊನೆಗೆ ನೀರು ಮುಟ್ಟದ ವರ್ಷ ಬೆಂಗಳೂರು, ಪುಣೆ, ಗೋವಾ ಕಡೆ ಗೌಂಡಿ ಕೆಲಸ, ಸೆಂಟ್ರಿಂಗ್ ಕೆಲಸ ಹುಡುಕಿಕೊಂಡು ಹೋಗುತ್ತೇವೆ. ನಾಲ್ಕು ತಿಂಗಳ ಕೆಲಸಕ್ಕೆಂದು ಒಂದೇ ಊರಿಗೆ ಹೋದವನು ಅಲ್ಲಿ ಮುಕೀಮ್, ತಗಡಿನ ಶೆಡ್ಡಿನಲ್ಲಿ ಮಲಗಿದರೂ ಅವನ ನಮಾಜು ಪೂರ್ತಿ. ಕಂಟ್ರಾಕ್ಟರ್ ಹತ್ತು ದಿನ ಈ ಊರು, ಎಂಟು ದಿನ ಆ ಊರು ಎಂದು ಸುತ್ತಿಸುತ್ತಿದ್ದರೆ ಅವನು ಮುಸಾಫಿರ್. ಭತ್ತ ಕೊಯ್ಯುವ ಯಂತ್ರದ ಜೊತೆ ಜಿಲ್ಲೆಯಿಂದ ಜಿಲ್ಲೆಗೆ ಹೋಗುವ ಹುಡುಗ, ಸಿಂಧನೂರಿನ ಅಕ್ಕಿ ಹೇರಿಕೊಂಡು ವರ್ಷವಿಡೀ ರಸ್ತೆಯ ಮೇಲಿರುವ ಲಾರಿ ಡ್ರೈವರ್, ಇವರೂ ಮುಸಾಫಿರರೇ. ಇದು ನನ್ನ ದಿನದ ಕೆಲಸ, ನನಗೆ ಈ ಸವಲತ್ತು ಇಲ್ಲ ಎಂದು ಅವರು ತಿಳಿಯಬೇಕಿಲ್ಲ.

ಹದಿನೈದು ದಿನದ ನಿಯ್ಯತ್ ಮಾಡಲಾಗದೆ ದಿನಗಳು ಮಾತ್ರ ಕಳೆಯುತ್ತಾ ಹೋದರೆ? ದೂರದ ದೊಡ್ಡಾಸ್ಪತ್ರೆಯಲ್ಲಿ ರೋಗಿಯ ಜೊತೆ ಉಳಿದವರಿಗೆ ಇದು ಗೊತ್ತು. "ನಾಳೆ ಬಿಡ್ತಾರಂತ" ಎಂದು ದಿನಾ ಹೇಳುತ್ತಾ ತಿಂಗಳು ಕಳೆದಿರುತ್ತದೆ. ಹೊರಡುವ ದಿನವೇ ಗೊತ್ತಿಲ್ಲದವನು ಎಷ್ಟು ದಿನವಾದರೂ ಮುಸಾಫಿರನಾಗಿಯೇ ಉಳಿಯುತ್ತಾನೆ. ಪ್ರವಾದಿಯವರ ಸಂಗಾತಿಗಳಲ್ಲಿ ಒಬ್ಬರಾದ ಇಬ್ನ್ ಉಮರ್ ಅಜರ್‌ಬೈಜಾನಿನಲ್ಲಿ ಹಿಮ ಬಿದ್ದು ದಾರಿ ಮುಚ್ಚಿದಾಗ ಆರು ತಿಂಗಳು ಅಲ್ಲೇ ಸಿಕ್ಕಿಕೊಂಡರು. ಅಷ್ಟೂ ದಿನ ಕಸರ್ ಮಾಡಿದರು ಎಂದು ಹದೀಸ್ ಗ್ರಂಥಗಳಲ್ಲಿದೆ. ಇಂದು ಆಸ್ಪತ್ರೆಯ ವರಾಂಡದಲ್ಲಿ ಚಾದರ ಹಾಸಿ ಕೂತ ತಾಯಿಗೂ ಅದೇ ನಿಯಮ, ಅದೇ ರಿಯಾಯಿತಿ.

ಈ ನಿಯಮಗಳಲ್ಲಿ ನನ್ನ ಮನಸ್ಸಿಗೆ ತೀರ ಹತ್ತಿರವಾದದ್ದು ತವರುಮನೆಯದು. ಹನಫಿ ಫಿಕ್‌ಹ್ (ಧರ್ಮಶಾಸ್ತ್ರ) ಪ್ರಕಾರ ಮದುವೆಯಾಗಿ ಗಂಡನ ಊರಿನಲ್ಲಿ ಸಂಸಾರ ಹೂಡಿದ ಹೆಣ್ಣಿಗೆ ಆ ಊರೇ ವತನ್, ಅಂದರೆ ಸ್ವಂತ ಊರು. ತವರು ಕಸರ್ ಆಗುವಷ್ಟು ದೂರವಿದ್ದು, ಹದಿನೈದು ದಿನಕ್ಕಿಂತ ಕಡಿಮೆ ಇರಲು ಬಂದರೆ ಅವಳು ಅಲ್ಲಿ ಮುಸಾಫಿರ್. ನನ್ನ ಆಪಾ ಹೈದರಾಬಾದಿಗೆ ಮದುವೆಯಾಗಿ ಹೋದಳು. ಮೊದಲ ಸಲ ನಾಲ್ಕು ದಿನಕ್ಕೆ ಬಂದಾಗ, ತಾನು ಸಣ್ಣವಳಿದ್ದಾಗಿನಿಂದ ನಮಾಜು ಮಾಡುತ್ತಿದ್ದ ಅದೇ ಮೂಲೆಯಲ್ಲಿ ಚಾಪೆ ಹಾಸಿ ಇಷಾಗೆ ಎರಡು ರಕಾತ್ ಫರ್ಜ್ ಮಾಡಿದಳು. ಅಮ್ಮಿ ನೋಡುತ್ತಾ ನಿಂತಿದ್ದಳು. ಹುಟ್ಟಿದ ಮನೆಯಲ್ಲೇ ಮಗಳು ದಾರಿಹೋಕಳಾದಳು ಎಂಬುದು ಅವಳಿಗೆ ಆ ಎರಡು ರಕಾತ್‌ನಲ್ಲಿ ತಿಳಿಯಿತು. ಏನೂ ಅನ್ನದೆ ಒಳಗೆ ಹೋದಳು. ಮುಂದಿನ ಸಲ ಆಪಾ ಹೆರಿಗೆಗೆ ಬಂದಾಗ ಅಮ್ಮಿ ಬಾಗಿಲಲ್ಲೇ ಹೇಳಿದಳು: "ಈ ಸಲ ನಾಕು ಮಾಡಬೇಕು ನೀನು. ಮೂರು ತಿಂಗಳು ಇಲ್ಲೇ ಇರ್ತೀನಂತ ನಿಯ್ಯತ್ ಮಾಡು." ಶರಿಯತ್ತಿನ ಒಂದು ನಿಯಮದಲ್ಲಿ ತಾಯಿಯ ಆಸೆ ಹೀಗೆ ಜಾಗ ಮಾಡಿಕೊಂಡದ್ದನ್ನು ನಾನು ಮರೆತಿಲ್ಲ.

ಮಸೀದಿಯ ಒಳಗಿನ ಕೆಲವು ಮಾತುಗಳು. ಮುಸಾಫಿರ್ ಊರಿನ ಇಮಾಮರ ಹಿಂದೆ ಜಮಾತ್‌ನಲ್ಲಿ ನಿಂತರೆ ಅವರ ಜೊತೆ ನಾಲ್ಕೂ ಮಾಡಬೇಕು, ಎರಡಕ್ಕೆ ಬಿಟ್ಟು ಹೋಗುವಂತಿಲ್ಲ. ಮುಸಾಫಿರನೇ ಇಮಾಮ್ ಆದರೆ ಎರಡಕ್ಕೆ ಸಲಾಮ್ ಹೇಳುತ್ತಾನೆ, ಹಿಂದಿರುವ ಊರಿನವರು ಎದ್ದು ಉಳಿದ ಎರಡನ್ನು ತಾವೇ ಮುಗಿಸುತ್ತಾರೆ. ಬೇರೆ ಜಿಲ್ಲೆಯ ತಬ್ಲೀಗ್ ಜಮಾತ್‌ನವರು ಮೂರು ದಿನ ಮಸೀದಿಯಲ್ಲಿ ತಂಗಿದಾಗ ಇದು ಎದುರಾಗುತ್ತದೆ. ಅಂಥ ಇಮಾಮ್ "ನಾವು ಮುಸಾಫಿರರು, ನಿಮ್ಮ ನಮಾಜು ಪೂರ್ತಿ ಮಾಡಿಕೊಳ್ಳಿ" ಎಂದು ತಿಳಿಸಬೇಕು. ಮಕ್ಕಾದಲ್ಲಿ ಪ್ರವಾದಿಯವರು ಹೀಗೆ ತಿಳಿಸಿದ ವರದಿ ಇದೆ. ಜುಮ್ಮಾ ಮುಸಾಫಿರ್‌ಗೆ ಕಡ್ಡಾಯವಲ್ಲ, ಸೇರಿದರೆ ಆಗುತ್ತದೆ, ಸೇರದಿದ್ದರೆ ಜೊಹರ್ ಮಾಡುತ್ತಾನೆ. ಆತುರವಿದ್ದರೆ ಫರ್ಜ್ ಜೊತೆಗಿನ ಸುನ್ನತ್ ನಮಾಜು ಬಿಡಬಹುದು, ಫಜರ್‌ನ ಸುನ್ನತ್ ಮಾತ್ರ ಬಿಡದಿರುವುದು ಒಳ್ಳೆಯದು. ಇಷಾ ನಂತರದ ಮೂರು ರಕಾತ್ ವಿತ್ರ್ ನಮಾಜು ಹನಫಿಗಳಿಗೆ ದಾರಿಯಲ್ಲೂ ಉಂಟು.

ಎಲ್ಲರ ನಡೆಯೂ ಒಂದೇ ಅಲ್ಲ. ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು ಶಾಫಿ ಮಜ್‌ಹಬ್‌ನವರು. ಅವರಲ್ಲಿ ಕಸರ್ ಒಂದು ರಿಯಾಯಿತಿ, ಪೂರ್ತಿ ಮಾಡಿದರೂ ನಡೆಯುತ್ತದೆ. ಹೋದ ಊರಿನಲ್ಲಿ ನಾಲ್ಕು ಪೂರ್ತಿ ದಿನ ಇರುವ ನಿಯ್ಯತ್ ಮಾಡಿದರೆ ಅದು ಮುಗಿಯಿತು. ಬಂದ ದಿನ, ಹೊರಡುವ ದಿನ ಎಣಿಕೆಗಿಲ್ಲ. ಜೊಹರ್ ಜೊತೆ ಅಸರ್, ಮಗ್ರಿಬ್ ಜೊತೆ ಇಷಾ ಕೂಡಿಸಿ ಮಾಡುವ ಅನುಮತಿಯೂ ಅವರಿಗುಂಟು. ಹನಫಿಗಳು ಹಜ್‌ನಲ್ಲಿ ಅರಫಾತ್ ಮತ್ತು ಮುಜ್ದಲಿಫಾ ಬಿಟ್ಟರೆ ಬೇರೆಲ್ಲೂ ಹಾಗೆ ಕೂಡಿಸುವುದಿಲ್ಲ. ಇಬ್ನ್ ತೈಮಿಯ್ಯಾರಂಥ ವಿದ್ವಾಂಸರು ಇಂತಿಷ್ಟೇ ಮೈಲು ಎಂಬ ಅಳತೆಯೇ ಇಲ್ಲ, ಜನ ಯಾವುದನ್ನು ಪ್ರಯಾಣ ಎನ್ನುತ್ತಾರೋ ಅದೇ ಪ್ರಯಾಣ ಎಂದರು. ಪ್ರತಿ ಮಾತಿನ ಹಿಂದೆಯೂ ಹದೀಸ್ ಇದೆ, ಓದು ಇದೆ. ತಮ್ಮ ಮಜ್‌ಹಬ್ ಹಿಡಿದು ನಡೆಯುವುದು ಸರಿ, ಅದನ್ನು ಇನ್ನೊಬ್ಬರ ತಲೆಗೆ ಬಡಿಯುವುದು ಸರಿಯಲ್ಲ.

"ಈಗ ಒಂಟೆ ಇಲ್ಲ, ನಡಿಗೆ ಇಲ್ಲ. ಎರಡು ತಾಸಿನಲ್ಲಿ ರಾಯಚೂರು ಮುಟ್ಟುತ್ತೇವೆ. 2024ರಿಂದ ಸಿಂಧನೂರಿಗೆ ರೈಲೂ ಬಂದಿದೆ. ಇನ್ನು ಯಾತಕ್ಕೆ ಈ ರಿಯಾಯಿತಿ?" ಎಂದು ಕೇಳುವವರಿದ್ದಾರೆ. ಫಿಕ್‌ಹ್ ಪಂಡಿತರ ಉತ್ತರ ಸ್ಪಷ್ಟ: ಕಸರ್ ನಿಂತಿರುವುದು ಪ್ರಯಾಣದ ಮೇಲೆ, ಆಯಾಸದ ಮೇಲೆ ಅಲ್ಲ. ದಣಿವನ್ನು ಅಳೆಯಲು ಹೋದರೆ ಪ್ರತಿಯೊಬ್ಬರೂ ತಮ್ಮ ಮೈಯ ಮೇಲೇ ಜಗಳ ಮಾಡಬೇಕಾಗುತ್ತದೆ. ಅದಕ್ಕೇ ದೂರ ಮತ್ತು ದಿನ ಎಂಬ ಎರಡು ಅಳತೆಗಳನ್ನು ಇಟ್ಟರು. ಅಲ್ಲದೆ ಬಸ್ಸು ಬಂದ ಮಾತ್ರಕ್ಕೆ ದಾರಿಯ ಕಷ್ಟ ಹೋಗಿಲ್ಲ. ಕಲಬುರಗಿ ಕಡೆಯಿಂದ ಬಳ್ಳಾರಿ ಕಡೆಗೆ ಹೋಗುವ ಬಸ್ಸು ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತಿತು ಅಂದುಕೊಳ್ಳಿ. ಅಷ್ಟರಲ್ಲಿ ನಳ ಹುಡುಕಿ ವಜೂ ಮಾಡಿ, ಪಡುವಣಕ್ಕೆ ಮುಖ ಮಾಡಿ, ಎರಡು ರಕಾತ್ ಸಮಾಧಾನವಾಗಿ ಮುಗಿಸಬಹುದು. ಸುನ್ನತ್, ನಾಲ್ಕು ಫರ್ಜ್ ಎಂದು ಕೂತರೆ ಕಂಡಕ್ಟರ್ ಸೀಟಿ ಊದಿರುತ್ತಾನೆ. ಹಲವರು ನಮಾಜನ್ನೇ ಬಿಡುವುದು ಇಂಥ ಹೊತ್ತಿನಲ್ಲಿ. ಎರಡೇ ಸಾಕು ಎಂದು ಗೊತ್ತಿದ್ದರೆ ಬಿಡುತ್ತಿರಲಿಲ್ಲ.

ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಆಗ ರಸ್ತೆ ಬದಿಗೆ ಚಪ್ಪರ ಹಾಕಿ ಅರವಟ್ಟಿಗೆ ಇಡುತ್ತಾರೆ. ಬಾಯಾರಿ ಬಂದವನು ಅದರ ಮುಂದೆ ನಿಂತು "ನನಗೆ ಬೇಡ, ನಾನು ಗಟ್ಟಿಮುಟ್ಟು" ಎಂದು ಹೋದರೆ ಅದು ದೊಡ್ಡಸ್ತಿಕೆಯಲ್ಲ, ನೀರಿಟ್ಟವರ ಮನಸ್ಸನ್ನು ನೋಯಿಸಿದಂತೆ. ಕಸರ್ ದೇವರು ದಾರಿಯ ಮೇಲಿಟ್ಟ ಅರವಟ್ಟಿಗೆ. ಕೊಟ್ಟವನ ಮೇಲಿನ ಗೌರವದಿಂದ ಅದನ್ನು ಕೈಯೊಡ್ಡಿ ತೆಗೆದುಕೊಳ್ಳಬೇಕು.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮಸೀದಿ ಕಮಿಟಿಯವರಲ್ಲಿ ನನ್ನದೊಂದು ವಿನಂತಿ. ಬಸ್‌ಸ್ಟ್ಯಾಂಡಿಗೆ, ಹೆದ್ದಾರಿಗೆ ಹತ್ತಿರವಿರುವ ಮಸೀದಿಗಳಲ್ಲಿ ವಜೂ ಮಾಡುವ ಜಾಗದ ಮೇಲೆ ಒಂದು ಹಲಗೆ ಹಾಕಿಸಿ. ಕನ್ನಡದಲ್ಲೂ ಉರ್ದುವಿನಲ್ಲೂ ಇರಲಿ. ನಮ್ಮ ಹುಡುಗರಲ್ಲಿ ಎಷ್ಟೋ ಮಂದಿಗೆ ಉರ್ದು ಮಾತಾಡಲು ಬರುತ್ತದೆ, ಓದಲು ಬರುವುದು ಕನ್ನಡ. ಇಲ್ಲಿಂದ ಯಾವ ಊರಿಗೆ ಹೋದರೆ ಕಸರ್, ಯಾವ ಊರಿಗೆ ಅಲ್ಲ, ಎಷ್ಟು ದಿನ ಇದ್ದರೆ ಪೂರ್ತಿ, ಇಮಾಮರ ಹಿಂದೆ ನಿಂತರೆ ಎಷ್ಟು, ಇಷ್ಟನ್ನು ನಿಮ್ಮ ಹಜರತ್ ಅವರಿಂದ ಕೇಳಿ ನಾಲ್ಕು ಸಾಲಿನಲ್ಲಿ ಬರೆಸಿ. ಗುಳೆ ಹೊರಟ ಹುಡುಗರಿಗೆ, ಲಾರಿಯವರಿಗೆ, ತವರಿಗೆ ಬಂದ ಹೆಣ್ಣುಮಕ್ಕಳಿಗೆ ಈ ನಾಲ್ಕು ಸಾಲು ಮುಟ್ಟಲಿ. ಕಂಬದ ಪಕ್ಕ ಯಾರಾದರೂ ಎರಡಕ್ಕೆ ಸಲಾಮ್ ಹೇಳಿ ಎದ್ದರೆ ಲೆಕ್ಕ ಕೇಳುವ ಮೊದಲು, ಎಲ್ಲಿಂದ ಬಂದಿರಿ ಎಂದು ಕೇಳಿ ಒಂದು ಚಂಬು ನೀರು ಕೊಡಿ.